ಮಕ್ಕಳು ಹೋದ ಮೇಲೆ ಎಷ್ಟು ಅಕ್ಕಿ ಹಾಕಬೇಕು? ಹೊಸಪೇಟೆ ಸೀಮೆಯ ಖಾಲಿ ಮನೆಗಳ ಇತಿಹಾಸ

ಸಾಮಾನ್ಯವಾಗಿ ನಮ್ಮ ಸಂಚಿಕೆ ಒಂದು ಕೋಟೆಯಿಂದಲೋ ಒಂದು ಶಾಸನದಿಂದಲೋ ಶುರುವಾಗುತ್ತೆ. ಇವತ್ತು ಒಂದು ಕುಕ್ಕರ್‌ನಿಂದ ಶುರು ಮಾಡೋಣ.

ನಮ್ಮ ಮನೆ ಇರೋದು ಹೊಸಪೇಟೆಯಲ್ಲಿ. 2019ರಲ್ಲಿ ನಾನು ಬಿ.ಕಾಂ. ಮುಗಿಸಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟೆ. ಅಣ್ಣ ಅದಕ್ಕೂ ನಾಲ್ಕು ವರ್ಷ ಮೊದಲೇ ಪುಣೆ ಸೇರಿದ್ದ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಅಪ್ಪ ಬ್ಯಾಗು ಸೀಟಿನ ಕೆಳಗೆ ತಳ್ಳಿ, ಚೈನ್ ಹಾಕಿ ಬೀಗ ಹಾಕಿದ್ರು. ಅಮ್ಮ ಶೇಂಗಾ ಚಟ್ನಿಪುಡಿ ಡಬ್ಬಿ ಕೈಗೆ ಕೊಟ್ಟಳು. ಅಷ್ಟೇ. ಯಾರೂ ಅಳಲಿಲ್ಲ. ಹಬ್ಬಕ್ಕೆ ಬಂದೇ ಬರ್ತೀನಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಮೂರು ವಾರ ಬಿಟ್ಟು ಫೋನ್ ಮಾಡಿದಾಗ ಅಮ್ಮ ಒಂದು ಮಾತು ಹೇಳಿದಳು. "ದಿನಾ ಅನ್ನ ಉಳೀತೈತೆ ನೋಡವ್ವ. ಎಷ್ಟು ಅಕ್ಕಿ ಹಾಕಬೇಕು ಅಂತನೇ ತಿಳೀವಲ್ದು." ನಾನು ನಕ್ಕೆ. ಸ್ವಲ್ಪ ಕಡಿಮೆ ಹಾಕಮ್ಮ, ಅದರಲ್ಲೇನಿದೆ ಅಂದೆ. ಅವಳು ನಗಲಿಲ್ಲ. ವರ್ಷಗಟ್ಟಲೆ ನಾಲ್ಕು ಜನಕ್ಕೆ ಅಳತೆ ಮಾಡಿದ ಕೈ ಅದು. ಆ ಕೈಗೆ ಇಬ್ಬರ ಅಳತೆ ಗೊತ್ತಿರಲಿಲ್ಲ.

ಈ ಪಾಡ್‌ಕಾಸ್ಟ್ ಕೇಳ್ತಿರೋರಲ್ಲಿ ಬಹಳ ಜನ ನನ್ನ ಹಾಗೆ ಊರು ಬಿಟ್ಟು ಬಂದೋರು ಅಂತ ನನಗೆ ಗೊತ್ತು. ಮೆಸೇಜ್‌ಗಳಲ್ಲಿ ಬರೀತಿರ್ತೀರಿ. ನಾವು ಊರು ಬಿಟ್ಟಿದ್ದರ ಬಗ್ಗೆ ಹಾಡಿದೆ, ರೀಲ್ಸ್ ಇದೆ, ಸಿನಿಮಾ ಇದೆ. ಊರಲ್ಲಿ ಉಳಿದೋರಿಗೆ ಏನಾಗುತ್ತೆ? ಇಂಗ್ಲಿಷಿನಲ್ಲಿ ಇದಕ್ಕೆ ಎಂಪ್ಟಿ ನೆಸ್ಟ್ ಅಂತಾರೆ, ಖಾಲಿ ಗೂಡು. ಕನ್ನಡದಲ್ಲಿ ಇದಕ್ಕೆ ನಮ್ಮದೇ ಆದ ಒಂದು ಶಬ್ದ ಇದೆಯಾ ಅಂತ ಹುಡುಕಿದೆ. ಸಿಗಲಿಲ್ಲ. ಯಾಕೆ ಇಲ್ಲ ಅನ್ನೋ ಪ್ರಶ್ನೆಯೇ ಈ ಸಂಚಿಕೆ.

ಕಂಪ್ಲಿಯ ಹನ್ನೊಂದು ಮಕ್ಕಳು

ಹೊಸಪೇಟೆಯಿಂದ ಕಂಪ್ಲಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ, ಒಂದು ಗಂಟೆ ದಾರಿ. ಕಬ್ಬು, ಬತ್ತ, ಬಾಳೆ. ಇವತ್ತು ಸುಮ್ಮನೆ ಹಸಿರಾಗಿ ಮಲಗಿರೋ ಈ ಊರು ಒಂದು ಕಾಲದಲ್ಲಿ ದಿಲ್ಲಿಯ ಸುಲ್ತಾನ ಸೈನ್ಯ ಕಳಿಸೋವಷ್ಟು ದೊಡ್ಡ ರಾಜ್ಯದ ಹೆಸರಾಗಿತ್ತು. ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ. ಈ ಹೆಸರು ನೀವು ಕೇಳೇ ಇರ್ತೀರಿ.

ಆಗಿದ್ದು ಇಷ್ಟು. ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ಓಡಿ ಬಂದು ಕಂಪಿಲರಾಯನ ಹತ್ತಿರ ಆಶ್ರಯ ಕೇಳಿದ. ರಾಯ ಕೊಟ್ಟ. ಸುಲ್ತಾನನ ಸೈನ್ಯ ಬಂತು. ಇದು 1327ರ ಆಸುಪಾಸು. ಇನ್ನು ಉಳಿಯೋದಿಲ್ಲ ಅಂತ ಗೊತ್ತಾದಾಗ ರಾಯ ಗುರ್ಷಾಸ್ಪ್‌ನನ್ನ ಸುರಕ್ಷಿತವಾಗಿ ಬೇರೆ ರಾಜನ ಹತ್ತಿರ ಕಳಿಸಿದ. ಹೆಂಗಸರು ಬೆಂಕಿಗೆ ಬಿದ್ದರು. ರಾಯ ಹೋರಾಡಿ ಸತ್ತ.

ಜನಪದ ಕತೆಗಳು ಇಲ್ಲಿ ಕುಮಾರರಾಮನ ಶೌರ್ಯ ಹೇಳ್ತವೆ. ಇದನ್ನೇ ಬರೆದಿಟ್ಟ ಇನ್ನೊಬ್ಬ ಇದ್ದಾನೆ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಅವನ ಪ್ರಕಾರ ರಾಯನ ಹನ್ನೊಂದು ಗಂಡುಮಕ್ಕಳು ಸೆರೆ ಸಿಕ್ಕರು. ಅವರನ್ನ ಸುಲ್ತಾನನ ಹತ್ತಿರ ಕರೆದೊಯ್ದು, ಮತಾಂತರ ಮಾಡಿಸಿ, ಅಮೀರರನ್ನಾಗಿ ಮಾಡಿದರು. ಅದರಲ್ಲಿ ಮೂವರನ್ನ ಬತೂತ ಖುದ್ದಾಗಿ ಭೇಟಿಯಾಗಿದ್ದ. ಒಬ್ಬನ ಹೆಸರು ಅಬು ಮುಸ್ಲಿಂ. ಸುಲ್ತಾನ ಕುಡಿಯೋ ನೀರಿಗೆ ಮುದ್ರೆ ಹಾಕೋ ಕೆಲಸ ಅವನದು. ಬತೂತನಿಗೆ ಅವನು ಗೆಳೆಯ ಕೂಡ.

ಒಂದು ಕ್ಷಣ ಯೋಚಿಸಿ. ಕಂಪ್ಲಿಯ ಹುಡುಗ, ತುಂಗಭದ್ರೆ ನೀರು ಕುಡಿದು ಬೆಳೆದವನು, ದಿಲ್ಲಿಯಲ್ಲಿ ಸುಲ್ತಾನನ ನೀರಿನ ಕೊಡಕ್ಕೆ ಮುದ್ರೆ ಒತ್ತುತ್ತಾ ಕೂತಿದ್ದಾನೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಒಳ್ಳೆ ಪೋಸ್ಟಿಂಗ್, ರಾಜಧಾನಿಯಲ್ಲಿ. ಆದರೆ ಮನೆ ಅನ್ನೋದು ಇರಲಿಲ್ಲ. ಅವನಿಗಾಗಿ ಕಾಯ್ತಾ ಕೂರೋಕೆ ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ.

ವಿಜಯನಗರ ಕಟ್ಟಿದ ಹರಿಹರ, ಬುಕ್ಕರನ್ನೂ ಇದೇ ಹೊತ್ತಿನಲ್ಲಿ ದಿಲ್ಲಿಗೆ ಹಿಡಿದೊಯ್ದಿದ್ದರು, ಅವರು ವಾಪಸ್ ಬಂದು ಊರು ಕಟ್ಟಿದರು ಅಂತ ಒಂದು ಪರಂಪರೆ ಹೇಳುತ್ತೆ. ಇತಿಹಾಸಕಾರರಲ್ಲಿ ಈ ಬಗ್ಗೆ ದೊಡ್ಡ ಜಗಳವೇ ಇದೆ, ಅದಕ್ಕೆ ಬೇರೆ ಸಂಚಿಕೆ ಬೇಕು. ನಾನಿಲ್ಲಿ ಗಮನಿಸಿದ್ದು ಒಂದೇ. ಆ ಕಾಲದಲ್ಲಿ ಮಗ ಮನೆ ಬಿಟ್ಟ ಅಂದ್ರೆ ಯುದ್ಧ ಅಂತ ಅರ್ಥ. ಅದಕ್ಕೆ ನಮ್ಮವರು ವೀರಗಲ್ಲು ಹಾಕಿದರು. ಹೋದವನು ಬರೋದಿಲ್ಲ ಅನ್ನೋದಕ್ಕೆ ಕಲ್ಲಿನಲ್ಲಿ ಒಂದು ಉತ್ತರ ಇತ್ತು.

ದೇವರಿಲ್ಲದ ಗುಡಿ

ಕಂಪ್ಲಿಯಿಂದ ವಾಪಸ್ ಹೊಸಪೇಟೆಗೆ ಬರೋಣ, ಸುಮಾರು ಇನ್ನೂರು ವರ್ಷ ಮುಂದಕ್ಕೆ.

ಹೊಸಪೇಟೆಯಿಂದ ಹಂಪಿಗೆ ಹೋಗೋರೆಲ್ಲ ಅನಂತಶಯನಗುಡಿ ದಾಟಿಯೇ ಹೋಗ್ತಾರೆ. ನಮ್ಮ ಚಿಕ್ಕಂದಿನಲ್ಲಿ ಅಲ್ಲಿ ರೈಲ್ವೆ ಗೇಟು ಬಿದ್ದರೆ ಆಟೋ, ಟೆಂಪೋ, ಬಸ್ಸು ಎಲ್ಲ ಸಾಲಾಗಿ ನಿಲ್ಲೋವು. ಬಹಳ ಜನಕ್ಕೆ ಆ ಊರು ಅಂದ್ರೆ ಆ ಗೇಟು, ಅಷ್ಟೇ. ಗುಡಿಯೊಳಗೆ ಹೋದೋರು ಕಡಿಮೆ.

ಕೃಷ್ಣದೇವರಾಯ ಈ ಗುಡಿ ಕಟ್ಟಿಸಿದ್ದು 1524ರ ಹೊತ್ತಿಗೆ, ಮಗ ತಿರುಮಲರಾಯನ ಹೆಸರಿನಲ್ಲಿ. ಊರಿಗೆ ಸಾಲೆ ತಿರುಮಲರಾಯಪುರ ಅಂತಲೇ ಹೆಸರಿಟ್ಟ. ಆ ಮಗನ ಕತೆಯನ್ನ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ವಯಸ್ಸಾಯ್ತು, ಇನ್ನು ವಿಶ್ರಾಂತಿ ಬೇಕು ಅಂತ ರಾಯ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ತಾನು ಅವನ ಮಂತ್ರಿಯಾಗಿ ನಿಂತ. ಎಂಟು ತಿಂಗಳು ಉತ್ಸವ ನಡೀತು. ಆ ಉತ್ಸವದ ನಡುವೆಯೇ ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ವಿಷ ಹಾಕಿದ್ದಾರೆ ಅನ್ನೋ ಅನುಮಾನಕ್ಕೆ ಸಿಕ್ಕಿ, ರಾಯನನ್ನ ಬೆಳೆಸಿದ ಮಂತ್ರಿ ತಿಮ್ಮರಸು ಕಣ್ಣು ಕಳೆದುಕೊಂಡ.

ಈಗ ಗುಡಿಯ ಒಳಗೆ ಹೋಗಿ. ಅನಂತಶಯನ ಅಂದ್ರೆ ಮಲಗಿರೋ ವಿಷ್ಣು. ಅದಕ್ಕೆ ಗರ್ಭಗುಡಿ ಅಡ್ಡಕ್ಕೆ ಉದ್ದವಾಗಿದೆ. ಮೇಲೆ ಎತ್ತರದ ಕಮಾನು ಚಾವಣಿ. ಒಳಗೆ ಉದ್ದನೆ ಪೀಠ. ಪೀಠದ ಮೇಲೆ ಯಾರೂ ಇಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಕಡೆ ಜನ ಇದಕ್ಕೊಂದು ಕತೆ ಹೇಳ್ತಾರೆ. ಈ ಗುಡಿಗೆ ಅಂತಲೇ ಕೆತ್ತಿದ ಮೂರ್ತಿ ಹೊಳಲಿನಿಂದ ಕದಲಲಿಲ್ಲವಂತೆ, ಅಲ್ಲೇ ಉಳಿಯಿತಂತೆ. ಇವತ್ತಿಗೂ ಮಲಗಿರೋ ಸ್ವಾಮಿಯ ದೊಡ್ಡ ಮೂರ್ತಿ ಹೊಳಲಿನಲ್ಲಿದೆ. ಗುಡಿ ನಮ್ಮ ಹೊಸಪೇಟೆಯಲ್ಲಿದೆ.

ಸಾಮ್ರಾಜ್ಯದ ಅಷ್ಟು ದೊಡ್ಡ ಅರಸನಿಗೂ ಮಗನ ಜಾಗ ತುಂಬೋಕೆ ಆಗಲಿಲ್ಲ. 1529ರಲ್ಲಿ ಅವನು ತೀರಿಹೋದ. ಆದರೆ ಇದೂ ಸಾವಿನ ಕತೆಯೇ. ಮಕ್ಕಳು ಚೆನ್ನಾಗಿದ್ದು, ದುಡೀತಿದ್ದು, ದಿನಾ ವಿಡಿಯೋ ಕಾಲ್ ಮಾಡ್ತಿದ್ದು, ಮನೆ ಮಾತ್ರ ಖಾಲಿ ಇರೋದು ಇದೆಯಲ್ಲ, ಅದು ಇನ್ನೂ ಇತಿಹಾಸಕ್ಕೆ ಬಂದಿಲ್ಲ.

ಊರೇ ಹೊರಟ ವರ್ಷ

ನಾಲ್ಕು ನೂರು ವರ್ಷ ದಾಟಿ ನಮ್ಮ ಅಜ್ಜಿಯ ಕಾಲಕ್ಕೆ ಬರೋಣ.

1945ರ ಫೆಬ್ರವರಿ 28ರಂದು ತುಂಗಭದ್ರಾ ಡ್ಯಾಮಿಗೆ ಶಂಕುಸ್ಥಾಪನೆ ಆಯ್ತು. ನದಿಯ ಆ ಕಡೆ ಹೈದರಾಬಾದ್ ಸಂಸ್ಥಾನ, ಈ ಕಡೆ ಮದ್ರಾಸ್ ಪ್ರಾಂತ್ಯ. 1953ರಲ್ಲಿ ನೀರು ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್ 1ಕ್ಕೆ ನಮ್ಮ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಪಠ್ಯಪುಸ್ತಕದಲ್ಲಿ ಈ ಎರಡೂ ಖುಷಿಯ ಸುದ್ದಿ. ನಮ್ಮ ಅಮ್ಮನ ಅಮ್ಮ ಹೇಳ್ತಿದ್ದ ಕತೆ ಬೇರೆ.

ಹಿನ್ನೀರಿನಲ್ಲಿ ತೊಂಬತ್ತರ ಆಸುಪಾಸು ಹಳ್ಳಿ ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೊರಟರು. ನಾರಾಯಣದೇವರಕೆರೆ ಅನ್ನೋ ಊರಿನ ಜನ ಬಂದು ನೆಲೆಸಿದ್ದು ಈಗಿನ ಮರಿಯಮ್ಮನಹಳ್ಳಿ. ನಾಟಕದ ಊರು ಅಂತ ನಿಮಗೆಲ್ಲ ಗೊತ್ತಿರಬಹುದು, ಪದ್ಮಶ್ರೀ ಮಂಜಮ್ಮ ಜೋಗತಿ ಅವರ ಊರು ಅಂತಲೂ ಗೊತ್ತಿರಬಹುದು. ಹಾಗೆ ಎದ್ದು ಬಂದ ಮನೆಗಳಲ್ಲಿ ನಮ್ಮ ಅಜ್ಜಿಯದೂ ಒಂದು. ಆಗ ಅವಳಿಗೆ ಒಂಬತ್ತು ವರ್ಷ. ಬಾಗಿಲು, ತೊಲೆ, ಒಳಕಲ್ಲು ಎಲ್ಲ ಬಂಡಿ ಮೇಲೆ ಹಾಕಿಕೊಂಡು ಬಂದ್ವಿ ಅಂತಿದ್ದಳು. "ಮನೀನ ಹೊತ್ಕಂಡು ಬಂದ್ವಿ ನಾವು" ಅನ್ನೋಳು.

ಮನೆ ಹೋಯ್ತು, ಮಂದಿ ಉಳಿದರು. ಅಜ್ಜಿಗೆ ಏಳು ಮಕ್ಕಳು. ಮೊದಲ ಮಗು ಹುಟ್ಟಿದಾಗ ಅವಳಿಗೆ 18, ಕೊನೇದು ಹುಟ್ಟಿದಾಗ 38. ಕೊನೇ ಚಿಕ್ಕಮ್ಮನ ಮದುವೆ ಹೊತ್ತಿಗೆ ಅಜ್ಜಿಗೆ 62. ಅಷ್ಟೊತ್ತಿಗೆ ದೊಡ್ಡ ಮಾವನ ಮಕ್ಕಳು ಅದೇ ಮನೆಯಲ್ಲಿ ಶಾಲೆಗೆ ಹೋಗ್ತಿದ್ದರು. ಅಜ್ಜಿಯ ಮನೆ ಒಂದು ದಿನವೂ ಖಾಲಿ ಆಗಲಿಲ್ಲ. ಅಕ್ಕಿ ಎಷ್ಟು ಹಾಕಬೇಕು ಅನ್ನೋ ಪ್ರಶ್ನೆ ಅವಳಿಗೆ ಬಂದಿದ್ದು ಸಾಲದೇ ಇದ್ದಾಗ ಮಾತ್ರ.

ಗುಳೆ ಹೋದವರು ಯಾರು?

ಬರಗಾಲದ ನಾಡು ನಮ್ಮದು. ಇಲ್ಲಿ ಮನೆ ಬಿಡೋದಕ್ಕೆ ಒಂದು ಹಳೆಯ ಶಬ್ದ ಇದೆ, ಗುಳೆ. ಮಳೆ ಕೈಕೊಟ್ಟರೆ ಗುಳೆ ಹೋಗೋದು. ಸಂಡೂರು, ಕೂಡ್ಲಿಗಿ ಕಡೆ ತಾಂಡಾಗಳಲ್ಲಿ ಇದು ಈಗಲೂ ನಡೆಯುತ್ತೆ. ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ, ಕಾಫಿ ತೋಟಕ್ಕೆ.

ಇಲ್ಲಿ ಗಮನಿಸಿ. ಗುಳೆ ಹೋಗೋದು ಅಪ್ಪ-ಅಮ್ಮ. ಉಳಿಯೋದು ಮುದುಕರು ಮತ್ತು ಶಾಲೆಗೆ ಹೋಗೋ ಮಕ್ಕಳು. ಅಂದ್ರೆ ಈ ಸೀಮೆಯ ಇತಿಹಾಸದಲ್ಲಿ ಹೆತ್ತವರು ಮಕ್ಕಳನ್ನ ಬಿಟ್ಟು ಹೋಗಿದ್ದಾರೆ, ಊರಿಗೆ ಊರೇ ಹೋಗಿದೆ, ಯುದ್ಧದಲ್ಲಿ ಮಕ್ಕಳನ್ನ ಹೊತ್ತೊಯ್ದಿದ್ದಾರೆ. ಓದಿಸಿ, ಬಟ್ಟೆ ಇಸ್ತ್ರಿ ಮಾಡಿಸಿ, ರೈಲಿಗೆ ತತ್ಕಾಲ್ ಟಿಕೆಟ್ ತೆಗೆಸಿ, ಹೆತ್ತವರೇ ಮಕ್ಕಳನ್ನ ಕಳಿಸಿಕೊಟ್ಟು ತಾವು ಮನೆಯಲ್ಲಿ ಉಳಿದಿದ್ದು ಈಚೆಗೆ.

ಇದು ಯಾವಾಗ ಶುರುವಾಯ್ತು? ನಮ್ಮ ಮನೆಯ ಮಟ್ಟಿಗೆ ನಾನು ಒಂದು ತಾರೀಕೇ ಹೇಳಬಲ್ಲೆ. 2011ರ ಜುಲೈ 29.

ಅದಿರಿನ ದುಡ್ಡು, ಅದಿರಿನ ಭಯ

ಅದಕ್ಕೂ ಮುಂಚೆ ಇಲ್ಲಿ ಕೆಲಸ ಇತ್ತು. ಡ್ಯಾಮ್ ಕಟ್ಟುವಾಗ ಜನ ಬೇರೆ ಕಡೆಯಿಂದ ಇಲ್ಲಿಗೆ ಬಂದರು. ದೋಣಿಮಲೈಯಲ್ಲಿ 1977ರಲ್ಲಿ ಅದಿರಿನ ಗಣಿ ಶುರುವಾಯ್ತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ 1971ರಲ್ಲೇ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದರು. ಅದು ನಿಜವಾಗಿ ಮೇಲೆದ್ದಿದ್ದು ತೊಂಬತ್ತರ ದಶಕದಲ್ಲಿ, ಖಾಸಗಿಯವರ ಕೈಯಲ್ಲಿ. ಆಮೇಲೆ ಚೀನಾ ಅದಿರು ಕೊಳ್ಳೋಕೆ ಶುರು ಮಾಡಿತು, 2008ರ ಒಲಿಂಪಿಕ್ಸ್ ತಯಾರಿಯ ಹೊತ್ತಿನಲ್ಲಿ. ಸಂಡೂರು, ಹೊಸಪೇಟೆ ರಸ್ತೆ ತುಂಬ ಲಾರಿ, ಮರದ ಎಲೆ ಮೇಲೆಲ್ಲ ಕೆಂಪು ಧೂಳು. ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪು.

ನಮ್ಮ ಅಪ್ಪ ಅದಿರು ಸಾಗಿಸೋ ಲಾರಿಗಳ ಟ್ರಿಪ್ ಲೆಕ್ಕ ಬರೆಯೋ ಕೆಲಸದಲ್ಲಿದ್ದರು. ಆ ವರ್ಷಗಳಲ್ಲಿ ಹೊಸಪೇಟೆ ಹುಡುಗರು ಊರು ಬಿಡಬೇಕು ಅಂತ ಅನ್ನಿಸ್ತಿರಲಿಲ್ಲ. ಹತ್ತನೇ ಕ್ಲಾಸು ಮುಗಿಸಿದ ಹುಡುಗ ಲಾರಿ ಹತ್ತಿದರೆ ಸಾಕು, ಡಿಗ್ರಿ ಮಾಡಿದವನಿಗಿಂತ ಜಾಸ್ತಿ ದುಡೀತಿದ್ದ.

ಆಮೇಲೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಎರಡೇ ದಿನಕ್ಕೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಬೆಟ್ಟಗಳಿಗೆ ಅದು ಬೇಕಾಗಿತ್ತು, ನ್ಯಾಯಕ್ಕೂ ಬೇಕಾಗಿತ್ತು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ತಿಂಗಳು ನಮ್ಮ ಬೀದಿ ಹೇಗಿತ್ತು ಅಂತಲೂ ನನಗೆ ನೆನಪಿದೆ. ಸಾಲ ಮಾಡಿ ಕೊಂಡಿದ್ದ ಲಾರಿಗಳು ಖಾಲಿ ಜಾಗದಲ್ಲಿ ಸಾಲಾಗಿ ನಿಂತವು. ಅಪ್ಪನ ಕೆಲಸ ಹೋಯ್ತು. ಆಮೇಲೆ ಅಂಗಡಿಗಳ ಲೆಕ್ಕ ಬರೆದುಕೊಟ್ಟು ಮನೆ ನಡೆಸಿದರು.

ಆಗ ನನಗೆ 14. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಮ್ಮಿಬ್ಬರಿಗೂ ಹೇಳಿದ ಮಾತು ಇದು: "ಈ ಮಣ್ಣು ನಂಬಿಕೊಂಡು ಕೂರಬ್ಯಾಡ್ರಿ. ಓದ್ರಿ, ಹೊರಗ ಹೋಗ್ರಿ." ಅವತ್ತೇ ನಮ್ಮ ಮನೆ ಖಾಲಿಯಾಗೋಕೆ ಶುರುವಾಯ್ತು ಅಂತ ಈಗ ಅನ್ನಿಸುತ್ತೆ. ನಾವು ಬಿಟ್ಟು ಹೋದ್ವಿ ಅಂತ ನಾನು ವರ್ಷಗಟ್ಟಲೆ ಒಳಗೊಳಗೇ ಕೊರಗಿದೀನಿ. ಆದರೆ ಕಳಿಸಿದ್ದು ಅವರು. ಇದ್ದಬದ್ದ ದುಡ್ಡೆಲ್ಲ ನಮ್ಮ ಫೀಸಿಗೆ ಹಾಕಿ, ತಮ್ಮ ಮನೆ ಖಾಲಿ ಮಾಡಿಕೊಂಡಿದ್ದು ಅವರೇ.

ಒಂದು ಸಣ್ಣ ಲೆಕ್ಕ

ಕಾಮರ್ಸ್ ಓದಿದ್ದೀನಲ್ಲ, ಲೆಕ್ಕ ಹಾಕದೇ ಬಿಡೋಕೆ ಆಗಲ್ಲ.

1940ರ ದಶಕದಲ್ಲಿ ಭಾರತದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಹಳೇ ಸರಾಸರಿ ಅಷ್ಟು ಕಡಿಮೆ ಇರೋಕೆ ಮುಖ್ಯ ಕಾರಣ ಕೂಸುಗಳ ಸಾವು. ಎಲ್ಲರೂ 32ಕ್ಕೇ ಸಾಯ್ತಿದ್ದರು ಅಂತ ಅಲ್ಲ. ಆದರೂ ಮಕ್ಕಳೆಲ್ಲರ ಮದುವೆ ಮುಗಿಸಿ, ಗಂಡ-ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿ ಉಳಿಯೋದು ಅಪರೂಪವಾಗಿತ್ತು. ಅಮೆರಿಕದ ಜನಸಂಖ್ಯಾ ತಜ್ಞ ಪಾಲ್ ಗ್ಲಿಕ್ 1947ರಲ್ಲೇ ತಮ್ಮ ದೇಶದ ಬಗ್ಗೆ ಇಂಥದ್ದೇ ಲೆಕ್ಕ ಹಾಕಿದ್ದರು. 1890ರಲ್ಲಿ ಕೊನೇ ಮಗುವಿನ ಮದುವೆಗೆ ಮುಂಚೆಯೇ ದಂಪತಿಯಲ್ಲಿ ಒಬ್ಬರು ತೀರಿಹೋಗಿರೋದು ಸಾಮಾನ್ಯವಾಗಿತ್ತು. ಐವತ್ತು ವರ್ಷದಲ್ಲಿ ಅದು ಬದಲಾಯ್ತು, ಇಬ್ಬರೇ ಇರೋ ವರ್ಷಗಳು ಹುಟ್ಟಿಕೊಂಡವು. ನಮ್ಮಲ್ಲಿ ಆ ಬದಲಾವಣೆ ಈಗ ಆಗ್ತಿದೆ.

ಜೊತೆಗೆ ಮಕ್ಕಳ ಸಂಖ್ಯೆ. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು.

ಈಗ ನಮ್ಮ ಅಮ್ಮನನ್ನ ತಗೊಳ್ಳಿ. ಅಣ್ಣ ಹುಟ್ಟಿದಾಗ ಅವಳಿಗೆ 22, ನಾನು ಹುಟ್ಟಿದಾಗ 26. ನಾನು ಮನೆ ಬಿಟ್ಟಾಗ 48. ದೇವರು ಚೆನ್ನಾಗಿಟ್ಟು 75 ವರ್ಷ ಬದುಕಿದರೆ ಮುಂದೆ ಉಳಿಯೋದು 27 ವರ್ಷ. ಕೃಷ್ಣದೇವರಾಯ ವಿಜಯನಗರ ಆಳಿದ್ದು 1509ರಿಂದ 1529, ಬರೀ 20 ವರ್ಷ! ಒಂದು ಸಾಮ್ರಾಜ್ಯದ ಸುವರ್ಣಯುಗಕ್ಕಿಂತ ದೊಡ್ಡ ಅವಧಿಯನ್ನ ನಮ್ಮ ಅಮ್ಮ ಖಾಲಿ ಮನೆಯಲ್ಲಿ ಕಳೀಬೇಕು. ಅಜ್ಜಿಯ ಲೆಕ್ಕದಲ್ಲಿ ಇದೇ ಅವಧಿ ಸೊನ್ನೆ.

ಮನೆ ಖಾಲಿಯಾಗೋದು ಹಳೇದು. ಖಾಲಿ ಮನೆಯಲ್ಲಿ ಆರೋಗ್ಯವಾಗಿ 25-30 ವರ್ಷ ಬದುಕೋದು ಹೊಸದು. ಶಬ್ದ ಇಲ್ಲದಿರೋದಕ್ಕೆ ಕಾರಣ ಇದೇ.

ಶಾಸ್ತ್ರ ಇಲ್ಲದ ವಯಸ್ಸು

ನಮ್ಮವರು ಎಲ್ಲ ಅಗಲಿಕೆಗೂ ಒಂದು ಶಾಸ್ತ್ರ ಮಾಡಿಟ್ಟಿದ್ದಾರೆ. ಮಗಳು ಗಂಡನ ಮನೆಗೆ ಹೊರಟರೆ ಉಡಿ ತುಂಬ್ತೀವಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಕುಪ್ಪಸದ ಕಣ. ಲಂಬಾಣಿ ಮದುವೆಯಲ್ಲಿ ಹೆಣ್ಣುಮಗಳು ತವರು ಬಿಡುವಾಗ ಹಾಡಿ ಅಳೋದಕ್ಕೇ ಬೇರೆ ಹಾಡುಗಳಿವೆ, ಢಾವಲೋ ಅಂತಾರೆ. ಹಂಪಿಯಲ್ಲಿ ಪಂಪಾದೇವಿಗೂ ವಿರೂಪಾಕ್ಷನಿಗೂ ಪ್ರತಿವರ್ಷ ಫಲಪೂಜೆಯಲ್ಲಿ ನಿಶ್ಚಿತಾರ್ಥ ಆಗುತ್ತೆ, ಆಮೇಲೆ ಕಲ್ಯಾಣ ಆಗುತ್ತೆ. ದೇವರ ಮಗಳಿಗೂ ತವರು ಬಿಡೋ ಶಾಸ್ತ್ರ ತಪ್ಪಿಲ್ಲ.

ಮುಪ್ಪಿಗೂ ಒಂದು ಉತ್ತರ ಇತ್ತು, ವಾನಪ್ರಸ್ಥ. ಮೊಮ್ಮಗನ ಮುಖ ನೋಡಿದ ಮೇಲೆ ಹಿರಿಯರು ಕಾಡಿಗೆ ಹೋಗಬೇಕು ಅಂತ. ಎಷ್ಟು ಜನ ನಿಜವಾಗಿ ಹೋದರೋ ಬಿಡಿ, ಆದರೆ ಆ ಕಲ್ಪನೆ ನೋಡಿ. ಅದರಲ್ಲಿ ಮನೆ ಮಕ್ಕಳದು, ಹೊರಡೋದು ಹಿರಿಯರು. ನಮ್ಮ ಕಾಲದಲ್ಲಿ ಅದು ತಿರುಗುಮುರುಗಾಗಿದೆ.

ನಾನು ಬೆಂಗಳೂರಿಗೆ ಹೊರಟ ದಿನ ಅಮ್ಮ ದೇವರ ಕೋಣೆಗೆ ಹೋಗಿ, ಮರದಲ್ಲಿ ಅಕ್ಕಿ ಹಾಕಿಕೊಂಡು, ಸುಮ್ಮನೆ ನಿಂತಿದ್ದಳಂತೆ. ಇದನ್ನ ಅವಳು ಹೇಳಿದ್ದು ಬಹಳ ದಿನ ಬಿಟ್ಟು. "ಉಡಿ ತುಂಬಲೋ ಬ್ಯಾಡೋ ಅಂತ ಗೊತ್ತಾಗಲಿಲ್ಲ. ಮದುವಿ ಅಲ್ಲ ಏನಲ್ಲ. ನೌಕರಿಗೆ ಹೋಗೋ ಹುಡುಗಿಗೆ ಉಡಿ ತುಂಬ್ತಾರಾ?" ಕೊನೆಗೆ ಅಕ್ಕಿ ಮತ್ತೆ ಡಬ್ಬಿಗೆ ಸುರಿದು, ಚಟ್ನಿಪುಡಿ ಕೊಟ್ಟು ಕಳಿಸಿದಳು.

ಆ ಮಾತು ಕೇಳಿದ ದಿನ ಈ ಸಂಚಿಕೆ ಮಾಡಬೇಕು ಅಂತ ಅನ್ನಿಸಿತು.

ಮೊದಲಿಗರು ಏನು ಮಾಡ್ತಿದ್ದಾರೆ

ಹಾಗಾದ್ರೆ ಶಾಸ್ತ್ರ ಇಲ್ಲದೇ ಜನ ಹೇಗೆ ಬದುಕ್ತಾರೆ? ಹೊಸದಾಗಿ ಮಾಡ್ಕೋತಾರೆ. ಎರಡು ಉದಾಹರಣೆ ಹೇಳ್ತೀನಿ, ಎರಡೂ ನಮ್ಮ ಸೀಮೆಯವೇ.

ಒಂದು, ಸಂಡೂರು. ಲಂಬಾಣಿ ಹೆಣ್ಣುಮಕ್ಕಳು ತಲೆತಲಾಂತರದಿಂದ ಮನೆ ಮಂದಿಗೆ ಅಂತ ಹೊಲೀತಿದ್ದರು. ಫೇಟಿಯಾ, ಕಾಂಚಳಿ, ಕನ್ನಡಿ, ಕವಡೆ. ಮಗಳ ಮದುವೆಗೆ ಅಂತ ತಾಯಿ ಹೊಲಿಗೆ ಹಾಕ್ತಿದ್ದಳು. ಸಂಡೂರು ಕುಶಲ ಕಲಾ ಕೇಂದ್ರ ಅದೇ ಸೂಜಿಯನ್ನ ದುಡಿಮೆಯನ್ನಾಗಿ ಮಾಡಿತು. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಆಯ್ತು. ಮನೆಯವರಿಗೆ ಅಂತ ಕಲಿತ ಕೆಲಸ ಮನೆಯವರು ಇಲ್ಲದಾಗಲೂ ನಿಲ್ಲಬೇಕಿಲ್ಲ ಅನ್ನೋದು ನನಗೆ ಇಲ್ಲಿ ಕಂಡ ಪಾಠ.

ಎರಡು, ನಮ್ಮ ಡ್ಯಾಮು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಿತ್ತು, ಗೇಟು ಕೊಚ್ಚಿಹೋಯ್ತು. ನೀರೆಲ್ಲ ಹೋದರೆ ರೈತರ ಗತಿ ಏನು ಅಂತ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು. ಆಗ ಕರೆಸಿದ್ದು ಯಾರನ್ನ? ನಿವೃತ್ತರಾಗಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು, ಸುಮಾರು ಒಂದು ವಾರದಲ್ಲಿ. ಮನೆಯಲ್ಲಿ ಆರಾಮಾಗಿರಿ ಅಂತ ನಾವು ಕೂರಿಸಿಬಿಡೋ ವಯಸ್ಸಿನ ಒಬ್ಬರು ಡ್ಯಾಮಿನ ಮೇಲೆ ನಿಂತಿದ್ದರು.

ಆ ವಾರ ನಮ್ಮ ಅಪ್ಪ ದಿನಾ ಫೋನ್ ಮಾಡಿದರು. ನಾನು ಮಾಡಬೇಕಾಗಿರಲೇ ಇಲ್ಲ. ಎಷ್ಟು ಕ್ಯೂಸೆಕ್ಸ್ ಬಿಟ್ಟರು, ಎಷ್ಟು ಟಿಎಂಸಿ ಉಳೀತು, ಕ್ರೇನ್ ಎಲ್ಲಿ ನಿಂತಿದೆ, ಯಾವ ಮಂತ್ರಿ ಬಂದ. ಅಷ್ಟು ಹುರುಪು ಅವರ ದನಿಯಲ್ಲಿ ನಾನು ಕೇಳಿ ವರ್ಷಗಳಾಗಿತ್ತು. ಆಗ ಹೊಳೀತು. ಅದಕ್ಕೂ ಮುಂಚೆ ಐದು ವರ್ಷ ನಮ್ಮ ಫೋನಿನಲ್ಲಿ ಸುದ್ದಿ ಇರ್ತಿದ್ದಿದ್ದು ನನ್ನ ಕಡೆ ಮಾತ್ರ. ನನ್ನ ಆಫೀಸು, ನನ್ನ ಪಿಜಿ, ನನ್ನ ಊಟ. ಅವರನ್ನ ನಾನು ಕೇಳ್ತಿದ್ದಿದ್ದು ಎರಡೇ ಪ್ರಶ್ನೆ, ಊಟ ಆಯ್ತಾ, ಮಾತ್ರೆ ತಗೊಂಡ್ರಾ. ಅವರಿಗೂ ಒಂದು ದಿನ ಅಂತ ಇರುತ್ತೆ, ಅದರಲ್ಲಿ ಏನೋ ನಡೆದಿರುತ್ತೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಈ ದೀಪಾವಳಿಗೆ

ಕಳೆದ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನ ಜೊತೆ ಅನಂತಶಯನಗುಡಿಗೆ ಹೋಗಿದ್ದೆ. ಹುಟ್ಟಿದಾಗಿನಿಂದ ಹೊಸಪೇಟೆಯಲ್ಲಿದ್ದರೂ ಅಪ್ಪ ಒಳಗೆ ಹೋಗಿದ್ದು ಅದೇ ಮೊದಲು. ಮಗನ ಕತೆ ಹೇಳಿದೆ. ಅಮ್ಮ ಖಾಲಿ ಪೀಠದ ಮುಂದೆ ಸ್ವಲ್ಪ ಹೊತ್ತು ನಿಂತಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, "ಗುಡಿ ಸ್ವಚ್ಛ ಇಟ್ಟಾರ" ಅಂದಳು. ನನಗೆ ಆ ಮಾತು ಇಷ್ಟ ಆಯ್ತು. ದೇವರಿಲ್ಲ ಅಂತ ಗುಡಿಯನ್ನ ಯಾರೂ ಹಾಳು ಬಿಟ್ಟಿಲ್ಲ.

ಮನೆಗೆ ಬಂದು ಅಡುಗೆಮನೆಗೆ ಹೋದರೆ ಒಲೆ ಮೇಲೆ ಒಂದು ಹೊಸ ಕುಕ್ಕರ್. ಎರಡು ಲೀಟರಿನದು. ಹಳೇ ಐದು ಲೀಟರ್ ಕುಕ್ಕರ್ ಅಟ್ಟ ಸೇರಿತ್ತು. ಯಾವಾಗ ತಗೊಂಡೆ ಅಂದೆ. "ಹೋದ ವರ್ಷನೇ. ನೀವು ಬಂದಾಗ ದೊಡ್ಡದು ಇಳಸ್ತೀನಿ" ಅಂದಳು. ನನಗೆ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯ್ತು, ನಿಜ ಹೇಳ್ತೀನಿ. ಅಮ್ಮನ ಅಳತೆಯಲ್ಲಿ ನಾನು ಈಗ ಇಲ್ಲ. ಆಮೇಲೆ ಅನ್ನಿಸಿತು, ಇದಕ್ಕೆ ಅವಳು ಐದು ವರ್ಷ ತಗೊಂಡಿದ್ದಾಳೆ. ಹೇಳಿಕೊಡೋಕೆ ಅವಳ ಅಮ್ಮನಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ತಾನೇ ಕಲಿತಳು.

ನಮ್ಮ ಅಪ್ಪ-ಅಮ್ಮನ ತಲೆಮಾರು ಒಂಟಿಯಾಗಿದೆ, ಪಾಪ, ಅಂತ ನಾವು ಮಾತಾಡ್ತೀವಿ. ಪಾಪ ಅನ್ನೋದು ಬೇಡ. ಈ ಸೀಮೆಯಲ್ಲಿ ಈ ವಯಸ್ಸನ್ನ ಈ ಥರ ಬದುಕ್ತಿರೋ ಮೊದಲ ತಲೆಮಾರು ಅವರು. ತಪ್ಪಿ, ತಡವರಿಸಿ, ಅನ್ನ ಉಳಿಸಿಕೊಂಡು ಕಲೀತಿದ್ದಾರೆ. ಇನ್ನು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಈ ಸರದಿ ನಮ್ಮದು. ಆಗ ನಮಗೆ ಕೇಳೋಕೆ ಯಾರಾದರೂ ಬೇಕಲ್ಲ, ಈಗಲೇ ಕೇಳಿಟ್ಟುಕೊಳ್ಳೋಣ.

ಹಾಗಾಗಿ ಇವತ್ತು ಸಂಜೆ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಬೇಡಿ. ಇವತ್ತು ಏನು ಮಾಡಿದ್ರಿ ಅಂತ ಕೇಳಿ. ಮೊದಲ ದಿನ "ಏನೈತೆ, ಎಂದಿನಂತೆ" ಅಂತಾರೆ. ಇಟ್ಟುಬಿಡಬೇಡಿ. ಎರಡನೇ ದಿನವೂ ಕೇಳಿ.

ಅಂದ ಹಾಗೆ, ಈ ಸಲ ವಾಪಸ್ ಬರುವಾಗ ಅಮ್ಮ ನನ್ನನ್ನ ಮಣೆ ಮೇಲೆ ಕೂರಿಸಿ ಉಡಿ ತುಂಬಿದಳು. ನೌಕರಿಗೆ ಹೋಗೋ ಹುಡುಗಿಗೆ ತುಂಬ್ತಾರಾ ಅಂತ ನಾನು ಕೇಳಿದೆ. "ನಾ ತುಂಬ್ತೀನಿ" ಅಂದಳು. ಶಾಸ್ತ್ರ ಶುರುವಾಗೋದು ಬಹುಶಃ ಹೀಗೇನೇ.

ನಿಮ್ಮ ಮನೆಯಲ್ಲಿ ನೀವು ಹೋದ ಮೇಲೆ ಏನು ಬದಲಾಯ್ತು, ಅಪ್ಪ-ಅಮ್ಮನನ್ನ ಕೇಳಿ, ನಮಗೆ ವಾಯ್ಸ್ ನೋಟ್ ಕಳಿಸಿ. ಸಾಧ್ಯವಾದರೆ ಅವರ ದನಿಯಲ್ಲೇ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕೋಟೆ, ಶಾಸನಕ್ಕೆ ವಾಪಸ್ ಹೋಗೋಣ. ಅಲ್ಲಿವರೆಗೂ ನಮಸ್ಕಾರ.